ಎತ್ತಿಟ್ಟ ಹಿಡಿ ಅಕ್ಕಿ

ಮುಚ್ಚಳ ಸುಲಭಕ್ಕೆ ಬರಲಿಲ್ಲ. ಚಮಚದ ಹಿಡಿಯನ್ನು ಅಂಚಿನಡಿ ತೂರಿಸಿ ಮೀಟಿದಾಗ ‘ಠಣ್’ ಎಂದು ಬಿಟ್ಟುಕೊಂಡಿತು. ಮೊದಲು ಒಣಗಿದ ಬೇವಿನೆಲೆಯ ಕಹಿ ವಾಸನೆ ಬಂತು, ಅದರ ಹಿಂದೆಯೇ ಹಳೆ ಅಕ್ಕಿಯ ಧೂಳಿನ ವಾಸನೆ. ನಾನು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಗ್ಗಿ ನೋಡಿದೆ. ಒಳಗೆ ಅಕ್ಕಿ ಇತ್ತು. ನುಸಿ ತಿಂದು ಹೆಚ್ಚುಪಾಲು ಹುಡಿಯಾಗಿದ್ದರೂ ಅದು ಅಕ್ಕಿಯೇ.

ಅದರಲ್ಲಿ ಏನೂ ಇರಬಾರದಿತ್ತು. ಏಳು ವರ್ಷದ ಹಿಂದಿನ ನನ್ನ ದಿನಚರಿಯ ಪ್ರಕಾರ ಆ ಡಬ್ಬಿ ಖಾಲಿ.

ಹಿರೇಕೆರೂರಿನ ಈ ಬಾಡಿಗೆ ಕೋಣೆಗೆ ನಾನು ಬಂದು ಹತ್ತೊಂಬತ್ತು ದಿನವಾಯಿತು. ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ. ಅಡುಗೆ ಸಾಮಾನೆಂದು ಶಿಗ್ಗಾಂವಿಯಿಂದ ಅವ್ವ ಕಟ್ಟಿ ಕಳಿಸಿದ ಗಂಟಿನಲ್ಲಿ, ಅಟ್ಟದ ಮೇಲಿದ್ದ ಈ ಬಿಸ್ಕೀಟಿನ ಡಬ್ಬಿಯೂ ಬಂದಿದೆ. ಮೇಲಿನ ಚಿತ್ರ ಅಳಿಸಿಹೋಗಿ ಬರೀ ತಗಡು ಉಳಿದಿದೆ. ಅವ್ವ ಅದನ್ನು ತೆರೆದು ನೋಡಿರಲಿಲ್ಲ. ನಾನೂ ಈವರೆಗೆ ತೆರೆದಿರಲಿಲ್ಲ... ತೆರೆಯುವ ಧೈರ್ಯ ಇರಲಿಲ್ಲ ಅನ್ನುವುದೇ ಸರಿ.

ಡಬ್ಬಿ ನಮ್ಮ ಪಕ್ಕದ ಮನೆಯ ಕೌದಿ ಆಯಿಯದು.

ಓಣಿಯಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಹಳೆ ಸೀರೆ, ಹಳೆ ಧೋತರ ಕೊಟ್ಟರೆ ತುಂಡು ತುಂಡಾಗಿ ಜೋಡಿಸಿ ಕೌದಿ ಹೊಲಿದು ಕೊಡುವುದು ಅವರ ಕೆಲಸ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಓಣಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅದು ಮಾಡಿನವರೆಗೆ ಏರದ ಗೋಡೆಯಾದ್ದರಿಂದ ಅತ್ತ ಸೀನಿದರೆ ಇತ್ತ ಕೇಳುತ್ತಿತ್ತು. ಬೆಳಗಿನ ಪ್ರಾರ್ಥನೆಯನ್ನು ಆಯಿ ಬಾಯಿಬಿಟ್ಟೇ ಮಾಡುತ್ತಿದ್ದರು. ಅವರು ಯೇಸುಸ್ವಾಮಿಯ ಜೊತೆ ಮಾತಾಡುವಾಗಲೇ ಅವ್ವ ಇತ್ತ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಒಂದೊಂದು ದಿನ ಅತ್ತಣ ಪ್ರಾರ್ಥನೆ ಉದ್ದವಾದರೆ, “ಇವತ್ತ ಆಯಿ ಸ್ವಾಮಿಗೆ ಭಾಳ ಹೊತ್ತ ನಿಂದರ್ಸ್ಯಾಳ ನೋಡು” ಎಂದು ನಗುತ್ತಿದ್ದಳು.

ನಾನು ಸಂಜೆ ಕಾಲೇಜಿನಿಂದ ಬಂದವಳೇ ಆಯಿಯ ಮನೆಗೆ ಹೋಗಿ ಮರುದಿನಕ್ಕೆ ಬೇಕಾದ ಹತ್ತು ಸೂಜಿಗಳಿಗೆ ದಾರ ಪೋಣಿಸಿ, ಎರಡು ಕೊಡ ನೀರು ತುಂಬಿಸಿ ಬರುತ್ತಿದ್ದೆ. ಅಪ್ಪ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಚೀಲದ ತೂಕ ಬರೆಯುವವರು. ನಾಲ್ಕು ಗೀಟು ಎಳೆದು ಅದರ ಮೇಲೆ ಅಡ್ಡ ಒಂದು ಎಳೆದರೆ ಐದು ಎಂಬ ಲೆಕ್ಕ ನನಗೆ ಅವರಿಂದಲೇ ಬಂತು. ಎಷ್ಟು ಸೂಜಿ, ಎಷ್ಟು ಕೊಡ, ಬಸ್ಸು ಎಷ್ಟು ನಿಮಿಷ ತಡ, ಎಲ್ಲವನ್ನೂ ದಿನಚರಿಯ ವಹಿಯಲ್ಲಿ ಬರೆದಿಡುತ್ತಿದ್ದೆ. ಆಗ ನನಗೆ ಹದಿನಾರು ವರ್ಷ.

ಆಯಿ ಅಡುಗೆಗೆಂದು ಮಣ್ಣಿನ ಹರವಿಯಿಂದ ಅಕ್ಕಿ ತೆಗೆದಾಗಲೆಲ್ಲ, ತೊಳೆಯುವ ಮುಂಚೆ ಅದರಲ್ಲಿ ಒಂದು ಹಿಡಿ ಎತ್ತಿ ಈ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದರು. ‘ಠಣ್’. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅದು ದೇವರಿಗೆ ಎತ್ತಿಟ್ಟ ಹಿಡಿ. ಅವರ ಸಭೆಯ ಮನೆಗಳಲ್ಲೆಲ್ಲ ಹೀಗೆ ಎತ್ತಿಟ್ಟದ್ದು ಭಾನುವಾರ ದೇವಾಲಯದ ಬಾಗಿಲ ಬಳಿಯ ಬುಟ್ಟಿಗೆ ಬೀಳುತ್ತಿತ್ತು. ದೇವಾಲಯ ಎಂದೇ ಅವರು ಚರ್ಚಿಗೆ ಹೇಳುತ್ತಿದ್ದದ್ದು. ಬುಟ್ಟಿಯಲ್ಲಿ ಸೇರಿದ್ದನ್ನು, ಮನೆಯಲ್ಲಿ ಅಕ್ಕಿ ಇಲ್ಲದ ಒಂದೆರಡು ಕುಟುಂಬಗಳಿಗೆ ಕೊಡುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ ಆಯಿಯ ಮೊಳಕಾಲು ಬಾತುಕೊಂಡಿತು. ದೇವಾಲಯ ಹೆದ್ದಾರಿಯ ಆಚೆಗೆ, ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. “ತಂಗಿ, ಐತ್ವಾರ ಇದಿಷ್ಟ ಅಕ್ಕಿ ಬುಟ್ಟ್ಯಾಗ ಸುರುವಿ ಬರ್ತೀಯೇನ?” ಎಂದು ನನ್ನನ್ನು ಕೇಳಿದರು. ನಾನು ಹ್ಞೂಂ ಅಂದೆ.

ಅದೇ ಹೊತ್ತಿಗೆ ರೇಷನ್ ನಿಂತಿತು. ವರ್ಷಗಟ್ಟಲೆ ಸೂಜಿ ಒತ್ತಿ ಒತ್ತಿ ಅವರ ಬೆರಳ ತುದಿ ನುಣ್ಣಗಾಗಿತ್ತು. ಯಂತ್ರದ ಮೇಲೆ ಹೆಬ್ಬೆಟ್ಟು ಎಷ್ಟು ಇಟ್ಟರೂ ಗುರುತು ಸಿಗಲಿಲ್ಲ. ಜೊತೆಗೆ ಹೋದವಳು ನಾನೇ. ಅಂಗಡಿಯವರು, “ಹತ್ತವಲ್ದ್ರಿ ಆಯಿ, ಮುಂದಿನ ತಿಂಗಳ ನೋಡೂಣು” ಅಂದರು. ಆಯಿ ದಾರಿಯುದ್ದಕ್ಕೂ ತಮ್ಮ ಹೆಬ್ಬೆಟ್ಟನ್ನೇ ನೋಡಿಕೊಳ್ಳುತ್ತ ಬಂದರು. “ಎಪ್ಪತ್ತ ವರ್ಷ ಇದು ನನ್ನ ಬೆರಳಂತ ನನಗ ಗುರ್ತ ಐತಿ. ನಿನ್ನೆ ಮೊನ್ನೆ ಬಂದದ್ದಕ್ಕ ಗುರ್ತ ಸಿಗವಲ್ದಂತ” ಎಂದು ನಕ್ಕರು. ಮುಂದಿನ ತಿಂಗಳೂ ಹತ್ತಲಿಲ್ಲ. ಮಳೆಗಾಲವಾದ್ದರಿಂದ ಕೌದಿ ಹೊಲಿಸುವವರೂ ಇರಲಿಲ್ಲ.

ಒಂದು ಸಂಜೆ ನೀರು ತುಂಬಿಸುವಾಗ ಹರವಿಯೊಳಗೆ ಇಣುಕಿದೆ. ತಳ ಕಾಣುತ್ತಿತ್ತು. ಹೊರಗೆ ಬಂದು ಕೇಳಿದೆ.

“ಆಯಿ, ನಿಮಗ ಸಾಲವಲ್ದು. ಒಂದೆರಡ ತಿಂಗಳ ಹಿಡಿ ಎತ್ತಿಡೂದ ಬಿಡ್ರಿ. ದೇವರೇನ ಸಿಟ್ಟಾಗ್ತಾನೇನ್ರಿ?”

“ಸಿಟ್ಟ ಯಾಕಾಗ್ತಾನವಾ” ಅಂದರು ಆಯಿ, ಸೂಜಿಯಿಂದ ಕಣ್ಣೆತ್ತದೆ. “ಉಣ್ಣಾಕ ಮೊದ್ಲ ಎತ್ತಿದ್ದು ಅವಂದು. ಉಂಡ ಉಳದ ಮ್ಯಾಲೆ ಎತ್ತಿದರ ಅದು ಎಂಜಲ.”

“ಕಡಿಮಿ ಬಿದ್ದರ?”

“ಬಿದ್ದರ ಕೊಡ್ತಾನ. ಯಾವಾಗ ಕೊಡಲಿಲ್ಲ, ನಿನ್ನ ವಹಿ ನೋಡಿ ಹೇಳು.”

ನನ್ನ ವಹಿಯಲ್ಲಿ ಆ ಲೆಕ್ಕ ಇರಲಿಲ್ಲ. ಅಂದೇ ಒಂದು ಹೊಸ ಪುಟ ತೆರೆದು, ಗೋಡೆಯಾಚೆ ಮುಚ್ಚಳದ ಸದ್ದು ಕೇಳಿದಾಗಲೆಲ್ಲ ಒಂದು ಗೀಟು ಎಳೆಯತೊಡಗಿದೆ.

ಆ ವಾರದ ಭಾನುವಾರ ನಾನು, ಆಯಿ ಡಬ್ಬಿಯಿಂದ ಸುರಿದುಕೊಟ್ಟ ಅಕ್ಕಿಯ ಚೀಲ ಹಿಡಿದು ದೇವಾಲಯದ ಗೇಟಿನವರೆಗೆ ಹೋದೆ. ಒಳಗೆ ಹಾಡುತ್ತಿದ್ದರು. ಬುಟ್ಟಿ ಕಾಣುತ್ತಿತ್ತು. ಯಾರು ಎಷ್ಟು ಸುರುವಿದರೆಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಸುರುವಲಿಲ್ಲ. ಅದೇ ಚೀಲ ಹಿಡಿದು ತಿರುಗಿ ಬಂದೆ. ಮರುದಿನ ಸಂಜೆ ಆಯಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗ, ಕೊಡ ಇಳಿಸುವ ನೆಪದಲ್ಲಿ ಒಳಗೆ ಹೋಗಿ ಅದನ್ನು ಅವರ ಹರವಿಗೇ ಸುರಿದೆ. ಅದು ಸಾಲದೆಂದು ಮನೆಯಿಂದಲೂ ಎರಡು ದಿನಕ್ಕೊಮ್ಮೆ ಒಂದು ಲೋಟ ಅಕ್ಕಿ ಒಯ್ದು ಸೇರಿಸತೊಡಗಿದೆ. ಅವ್ವನಿಗೆ ಗೊತ್ತಾಗಿತ್ತು. “ನಮ್ಮನ್ಯಾಗ ಇಲಿ ಭಾಳ ಶಾಣ್ಯಾ ಆಗ್ಯಾವ, ಲೋಟಾ ತಗೊಂಡ ಅಳದ ಒಯ್ತಾವ” ಅಂದಳು, ನನ್ನ ಮುಖ ನೋಡದೆ. ಆದರೆ ಅವಳಿಗೆ ಗೊತ್ತಿದ್ದದ್ದು ಲೋಟದ ಸಂಗತಿ ಮಾತ್ರ. ಚೀಲದ ಸಂಗತಿ ಗೊತ್ತಿರಲಿಲ್ಲ.

ಎಂಟು ಭಾನುವಾರ ಹೀಗೆ ನಡೆಯಿತು. ನನಗೆ ಒಂದು ಸಲವೂ ತಪ್ಪೆನಿಸಲಿಲ್ಲ. ಅವರದೇ ಅಕ್ಕಿ ಅವರಿಗೇ ಮುಟ್ಟುತ್ತಿದೆ, ಇದಕ್ಕಿಂತ ನೇರ ಲೆಕ್ಕ ಯಾವುದಿದೆ ಎಂದುಕೊಂಡಿದ್ದೆ.

ಆರನೇ ವಾರದಲ್ಲಿ ಆಯಿಯ ಮನೆಯಲ್ಲಿ ಸಭೆಯವರ ಪ್ರಾರ್ಥನೆ ಇತ್ತು. ಸಭಾಪಾಲಕರು ಬಂದಿದ್ದರು, ಜೊತೆಗೆ ಎಂಟು ಹತ್ತು ಜನ. ನಾನು ಚಹಾ ಕೊಡಲು ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಸಭಾಪಾಲಕರು, “ಆಯಿ, ನಿಮ್ಮ ರೇಷನ್ ನಿಂತದಂತ ಗೊತ್ತಾತು. ಬುಟ್ಟಿ ಅಕ್ಕಿ ಇನ್ನ ಮುಂದ ನಿಮ್ಮನಿಗೆ ಬರಲಿ” ಅಂದರು. ಆಯಿ ಗೋಡೆ ಹಿಡಿದು ಎದ್ದು ನಿಂತರು. ಬರಗಾಲದಲ್ಲಿ ಒಬ್ಬ ವಿಧವೆಯ ಮಡಕೆಯ ಹಿಟ್ಟು ತೀರದೆ ಉಳಿದ ಬೈಬಲ್ ಕಥೆಯನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದರು. ಈಗ ಅವರ ಮುಖ ನೋಡಿದಾಗಲೇ ಏನು ಹೇಳುತ್ತಾರೆಂದು ನನಗೆ ಹೊಳೆದುಬಿಟ್ಟಿತು.

“ಬ್ಯಾಡ್ರಿ. ನನ್ನ ಹರವಿ ಬರಿದಾಗವಲ್ದು. ನಾ ದಿನಾ ತಗೀತೇನಿ, ಅದು ಇದ್ದಷ್ಟಽ ಇರ್ತೈತಿ. ಕರ್ತ ತುಂಬಾಕತ್ತಾನ. ನನ್ನ ಪಾಲಿಂದು ಈಕಿಗೆ ಕೊಡ್ರಿ” ಎಂದು, ಮೂಲೆಯಲ್ಲಿ ಎರಡು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಹೆಂಗಸೊಬ್ಬಳನ್ನು ತೋರಿಸಿದರು. ಅವಳ ಗಂಡ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ.

ಎಲ್ಲರೂ ಒಂದೇ ಸಲ ಸ್ತೋತ್ರ ಅಂದರು. ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು... ಆ ಹೊತ್ತಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅಷ್ಟು ಬೆಳಗಿದ್ದ ಮುಖವನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ದಸರೆಯ ರಜೆಗೆ ನಾನೂ ಅವ್ವನೂ ತಿಳವಳ್ಳಿಗೆ ಹೋದೆವು. ಅಲ್ಲಿ ಚಿಗವ್ವನ ಹೆರಿಗೆ. ಮಾರುಕಟ್ಟೆಗೆ ಗೋವಿನಜೋಳ ಬರುವ ಕಾಲವಾದ್ದರಿಂದ ಅಪ್ಪ ದಲಾಲಿ ಅಂಗಡಿಯಲ್ಲೇ ಉಣ್ಣುವುದು, ಅಲ್ಲೇ ಮಲಗುವುದು. ನಮ್ಮ ಮನೆಗೆ ಬೀಗ ಬಿತ್ತು. ಹೋಗುವ ಮುಂಚೆ ಹರವಿಗೆ ಎರಡು ಲೋಟ ಹೆಚ್ಚು ಸುರಿದಿದ್ದೆ. ಐದು ದಿನಕ್ಕೆಂದು ಹೋದವರು ಹನ್ನೆರಡು ದಿನ ಉಳಿದೆವು. ಕೂಸಿಗೆ ಕಾಮಾಲೆಯಾಗಿತ್ತು. ನನಗೆ ಹರವಿಯ ನೆನಪು ಎರಡು ಸಲ ಬಂತು, ಎರಡು ಸಲವೂ ಮರೆತೆ. ದಿನಚರಿಯಲ್ಲಿ ಆ ಹನ್ನೆರಡು ದಿನವೂ ಕೂಸಿನ ತೂಕವೇ ಇದೆ.

ಶನಿವಾರ ಸಂಜೆ ವಾಪಸ್ಸಾದೆವು. ಆ ಸಂಜೆ ಮುಚ್ಚಳದ ಸದ್ದು ಕೇಳಲಿಲ್ಲ. ಭಾನುವಾರ ಬೆಳಿಗ್ಗೆಯೂ ಇಲ್ಲ. ಪ್ರಾರ್ಥನೆ ಕೇಳಿತು, ಆದರೆ ದನಿ ತೀರ ಸಣ್ಣದಾಗಿತ್ತು. ಗೀಟು ಎಳೆಯಲು ಹಿಡಿದ ಪೆನ್ನನ್ನು ಹಾಗೆಯೇ ಇಟ್ಟು ಆಚೆ ಮನೆಗೆ ಓಡಿದೆ.

ಬಾಗಿಲು ಓರೆಯಾಗಿತ್ತು. ಆಯಿ ಅರ್ಧ ಹೊಲಿದ ಕೌದಿಯ ಮೇಲೆ ಮಲಗಿದ್ದರು. ತುಟಿ ಒಡೆದಿತ್ತು. ಒಲೆಯಲ್ಲಿ ಬೂದಿಯೂ ಇರಲಿಲ್ಲ, ಸಾರಿಸಿ ಇಟ್ಟಿದ್ದರು. ಹರವಿಯ ಬಾಯಿ ತೆರೆದಿತ್ತು. ಇಣುಕಿದೆ... ಒಂದು ಕಾಳೂ ಇರಲಿಲ್ಲ. ಒಳಮೈಯನ್ನು ಬಟ್ಟೆಯಿಂದ ಒರೆಸಿಟ್ಟಿದ್ದರು, ಬರುವವರಿಗಾಗಿ ಮನೆ ಗುಡಿಸಿಟ್ಟ ಹಾಗೆ.

“ಬಂದೇನ ತಂಗಿ?” ಅಂದರು. “ಇವತ್ತ ಐತ್ವಾರಲ್ಲಽ? ಡಬ್ಬಿ ಅಲ್ಲೈತಿ. ಹೊತ್ತಾಗ್ತೈತಿ, ಒಯ್ದ ಬಾ.”

ಡಬ್ಬಿಯನ್ನು ಎತ್ತಿದೆ. ಭಾರವಾಗಿತ್ತು. ಮುಚ್ಚಳ ತೆಗೆದರೆ, ಬೇವಿನೆಲೆಯ ಕೆಳಗೆ ಅರ್ಧ ಡಬ್ಬಿ ಅಕ್ಕಿ.

ನನಗೆ ಕೂಗು ಬಂದುಬಿಟ್ಟಿತು. “ಆಯಿ! ಇದರಾಗ ಅಕ್ಕಿ ಇತ್ತಲ್ರಿ! ಉಂಡೀರೋ ಇಲ್ಲೋ? ಎಷ್ಟ ದಿನಾತು?”

“ನಾಕ ದಿನ” ಅಂದರು. “ನೀರ ಕುಡದೇನಿ. ಅದು ನಂದಲ್ಲಲ್ಲವಾ.”

“ಓಣ್ಯಾಗ ಯಾರಿಗರ ಹೇಳಬಾರದಿತ್ತೇನ್ರಿ?”

ಆಯಿ ಹರವಿಯ ಕಡೆ ಕಣ್ಣು ಹೊರಳಿಸಿದರು. “ಹರವಿ ಬರಿದಾಗೂದಿಲ್ಲಂತ ಅಷ್ಟ ಮಂದಿ ಮುಂದ ಸಾಕ್ಷಿ ಹೇಳೇನಿ. ಈಗ ಬರಿದಾತಂತ ಯಾವ ಬಾಯಿಲೆ ಹೇಳ್ಲಿ? ನಾಕ ದಿನದಿಂದ ಅದನ್ನಽ ಹುಡಕಾಕತ್ತೇನಿ. ನನ್ನ ಕಡೆ ಏನ ತಪ್ಪಾತು, ಅವ ಯಾಕ ಕೈ ಹಿಂದ ತಗೊಂಡ... ಸಿಗವಲ್ದು ತಂಗಿ. ಎಲ್ಲಾ ಹುಡಕಿದೆ.”

ಎಲ್ಲಿ ಕೂತೆನೋ ನೆನಪಿಲ್ಲ. ನೆಲದ ಮೇಲೆಯೇ ಇರಬೇಕು. ಹೇಳಿದೆ. ಚೀಲವನ್ನು ಗೇಟಿನಿಂದ ತಿರುಗಿ ತಂದದ್ದು, ಸೋಮವಾರದ ಸಂಜೆಗಳು, ಲೋಟಗಳು, ಎಲ್ಲವನ್ನೂ ಹೇಳಿದೆ. ಬೈಯಬಹುದೆಂದುಕೊಂಡೆ. ಇಲ್ಲವೇ ಅಪ್ಪಿಕೊಂಡು, ಅವನೇ ನಿನ್ನ ಕೈಯಿಂದ ಕೊಡಿಸಿದ ಎನ್ನಬಹುದೆಂದುಕೊಂಡೆ. ನಿಜ ಹೇಳಬೇಕೆಂದರೆ ಅದನ್ನೇ ಕಾಯುತ್ತಿದ್ದೆ.

ಆಯಿ ಮೊಳಕೈ ಊರಿ ಎದ್ದು ಕೂತರು.

“ನಿಮ್ಮನಿ ಲೋಟಾ ಅಕ್ಕಿಗೆ ನಿನ್ನ ತಲಿ ಮ್ಯಾಲೆ ಕೈ ಇಡ್ತೇನಿ. ನೀ ಕೊಟ್ಟಿ, ನಾ ಉಂಡೆ. ಆದರ ಎತ್ತಿಟ್ಟದ್ದು... ತಂಗಿ, ಅದು ಬುಟ್ಟಿಗೆ ಬಿದ್ದಿದ್ದರ ಆ ಎರಡ ಕೂಸಿನ ಗಂಗಾಳಕ್ಕ ಹೋಗತಿತ್ತು. ಗಂಗಾಳದಾಗಿಂದ ತಗದ ನನಗ ಉಣಸಿದಿ. ನಾ ಉಂಡ ಕರ್ತಗ ಸ್ತೋತ್ರ ಹೇಳಿದೆ.”

ನನ್ನ ಎಂಟು ವಾರದ ಲೆಕ್ಕದಲ್ಲಿ ಆ ಮಕ್ಕಳು ಉಣ್ಣುವ ಗಂಗಾಳ ಎಲ್ಲಿಯೂ ಇರಲಿಲ್ಲ.

“ಎಷ್ಟ ಹಿಡಿ?” ಎಂದು ಕೇಳಿದರು. “ನಿನ್ನ ವಹ್ಯಾಗ ಇರತೈತಿ.”

ನೂರಾ ಮೂರು. ನೋಡದೆಯೇ ಹೇಳಿದೆ.

ಅವ್ವ ಗಂಜಿ ತಂದಳು. ಆಯಿ ಅದನ್ನು ಕುಡಿದರು. ಡಬ್ಬಿಯ ಅಕ್ಕಿಯನ್ನು ಮಾತ್ರ ಆಗಲೇ ಒಯ್ದು ಬುಟ್ಟಿಗೆ ಸುರುವಿ ಬರಲು ನನ್ನನ್ನೇ ಕಳಿಸಿದರು. ಬೇರೆ ಯಾರನ್ನಾದರೂ ಕಳಿಸಿ ಎಂದು ನಾನು ಅತ್ತರೂ ಕೇಳಲಿಲ್ಲ.

ಮುಂದಿನ ಭಾನುವಾರ ಆಟೋದಲ್ಲಿ ಅವರೇ ದೇವಾಲಯಕ್ಕೆ ಬಂದರು, ನನ್ನ ಭುಜ ಹಿಡಿದು. ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತು, “ಮನಿ ಪ್ರಾರ್ಥನಿಯೊಳಗ ನಾ ಹೇಳಿದ ಸಾಕ್ಷಿ ತಪ್ಪು. ಹರವಿ ಕರ್ತ ತುಂಬಿದ್ದಲ್ಲ. ನನ್ನ ಮ್ಯಾಲಿನ ಅಂತಃಕರಣಕ್ಕ ಒಂದ ಜೀವ ತುಂಬಿತ್ತು, ಅದೂ ಎತ್ತಿಟ್ಟದ್ದನ್ನ. ನಿಮ್ಮೆಲ್ಲಾರ ಬಾಯಿಲೆ ಸುಳ್ಳ ಸ್ತೋತ್ರ ಹೇಳಿಸಿದೆ. ಕ್ಷಮಾ ಮಾಡ್ರಿ” ಅಂದರು. ನನ್ನ ಹೆಸರು ಹೇಳಲಿಲ್ಲ. ಆದರೆ ಅವರ ಕೈ ನನ್ನ ಭುಜದ ಮೇಲೆಯೇ ಇತ್ತು.

ಸಭಾಪಾಲಕರು ಒಳ್ಳೆಯ ಮನಸ್ಸಿನಿಂದಲೇ, “ಅದೂ ಕರ್ತನ ಕೆಲಸನ ಅಂತ ತಿಳೀರಿ ಆಯಿ” ಅಂದರು.

“ಇಲ್ರಿ” ಅಂದರು ಆಯಿ. “ಅವ ಕೊಡ್ತಾನ. ಕಳವ ಮಾಡಸೂದಿಲ್ಲ.”

ಯಾರೂ ಸ್ತೋತ್ರ ಅನ್ನಲಿಲ್ಲ.

ಅವರ ನಂಬಿಕೆ ಮುರಿದಿರಬೇಕೆಂದು ನನಗೆ ಭಯವಾಗಿತ್ತು. ವಾಪಸ್ಸು ಬರುವಾಗ ಆಟೋದಲ್ಲಿ ಕೇಳಿಯೂ ಬಿಟ್ಟೆ. “ಎಂಟ ವಾರ ಹರವಿ ನೋಡಿ ನಂಬಿದ್ದೆ” ಅಂದರು. “ಅದು ಸಸಾರ ಇತ್ತು. ಇನ್ನ ಹರವಿ ನೋಡದ ನಂಬಬೇಕು.” ಇಷ್ಟು ಹೇಳಿ, ಹೊರಗಿನ ಲಾರಿಗಳನ್ನು ನೋಡುತ್ತ ಕೂತರು.

ಆ ವಾರವೇ ಸಭೆಯ ಹಿರಿಯರೊಬ್ಬರು ಓಡಾಡಿ, ಬೆರಳಿನ ಬದಲು ಕಣ್ಣಿನ ಗುರುತು ಹಿಡಿಯುವಂತೆ ಮಾಡಿಸಿದರು. ರೇಷನ್ ಮತ್ತೆ ಬಂತು. ಅಂದಿನಿಂದ ಪ್ರತಿ ಅಡುಗೆಗೂ ಗೋಡೆಯಾಚೆ ಎರಡು ಸದ್ದು. ಒಂದು ಹಿಡಿ ಹಾಕಿ ಮುಚ್ಚಳ ಒತ್ತುವರು, ಮತ್ತೆ ತೆಗೆದು ಇನ್ನೊಂದು ಹಾಕಿ ಒತ್ತುವರು. ಒಂದು ಆ ಹೊತ್ತಿನದು, ಇನ್ನೊಂದು ಹಿಂದಿನ ಬಾಕಿಯದು. ಎರಡನೆಯ ಸದ್ದಿಗೆ ನಾನು ಗೀಟು ಎಳೆಯುತ್ತಿದ್ದೆ. ಭಾನುವಾರ ಡಬ್ಬಿ ಒಯ್ಯುವ ಕೆಲಸ ನನ್ನದೇ ಆಗಿ ಉಳಿಯಿತು. ಪ್ರತಿ ಸಲವೂ ಡಬ್ಬಿಯನ್ನು ಬುಟ್ಟಿಯ ಮೇಲೆ ಬೋರಲು ಹಿಡಿದು, ತಳಕ್ಕೆ ಮೂರು ಸಲ ತಟ್ಟಿ, ಕೊನೆಯ ಕಾಳು ಬಿದ್ದದ್ದನ್ನು ನೋಡಿಯೇ ಬರುತ್ತಿದ್ದೆ.

ಡಿಸೆಂಬರಿನ ಮೊದಲ ಭಾನುವಾರವೂ ಹಾಗೆಯೇ ಖಾಲಿ ಮಾಡಿ ತಂದುಕೊಟ್ಟೆ. ಆ ಮಧ್ಯಾಹ್ನವೇ ಆಯಿಗೆ ಜ್ವರ ಬಂತು. ಮತ್ತೆ ಅವರು ಒಲೆ ಹೊತ್ತಿಸಲಿಲ್ಲ. ಅವ್ವ ಮೂರು ಹೊತ್ತೂ ಗಂಜಿ, ಅನ್ನ ಕೊಟ್ಟು ಬರುತ್ತಿದ್ದಳು. ಅಡುಗೆ ಇಲ್ಲವೆಂದರೆ ಹಿಡಿಯೂ ಇಲ್ಲ. ದಿನಚರಿಯಲ್ಲಿ ಆ ನಾಲ್ಕು ದಿನದ ಎದುರು ಸೊನ್ನೆ ಬರೆದಿದ್ದೇನೆ. ಗುರುವಾರ ಮಧ್ಯಾಹ್ನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವರ ಬಾಗಿಲ ಮುಂದೆ ಚಪ್ಪಲಿಗಳು ತುಂಬಿದ್ದವು.

ಅವ್ವ ಡಬ್ಬಿಯನ್ನು ನನ್ನ ಕೈಗಿಟ್ಟಳು. “ಮುಂಜಾನಿ ನಾ ಗಂಜಿ ಒಯ್ದಾಗ ಹೇಳಿದ್ಲು, ತಂಗಿ ಬಂದ ಮ್ಯಾಲೆ ಡಬ್ಬಿ ಆಕಿ ಕೈಯಾಗ ಕೊಡು ಅಂತ.” ನೆನಪಿಗೆಂದು ಕೊಟ್ಟಿದ್ದಾರೆ ಅಂದುಕೊಂಡೆ. ಅಳುತ್ತಲೇ, ಭಾರವನ್ನೂ ಗಮನಿಸದೆ, ಸಡಿಲವಿದ್ದ ಮುಚ್ಚಳ ಒತ್ತಿ, ಅವರದೇ ಒಂದು ಕೌದಿಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಗೀಟುಗಳ ಪುಟದ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ನೂರಾ ಮೂರರಲ್ಲಿ ಎತ್ತಿದ್ದು ಎಂಬತ್ತೇಳು, ಉಳಿದದ್ದು ಹದಿನಾರು. ಆ ಹದಿನಾರು ಏಳು ವರ್ಷದಿಂದ ನನ್ನ ಜೊತೆ ಇದೆ.

ಇಂದು ಮಧ್ಯಾಹ್ನ ಆ ಹುಡಿಯನ್ನು ಹಾಳೆಯ ಮೇಲೆ ಸುರಿದು ಬಹಳ ಹೊತ್ತು ಕೂತೆ. ಜ್ವರದಲ್ಲಿ ಮಲಗಿದ್ದವರು, ಅವ್ವ ಅನ್ನ ತಂದಿಟ್ಟು ಹೋದ ಪ್ರತಿ ಹೊತ್ತಿಗೂ ಎದ್ದು ಹರವಿಯವರೆಗೆ ತೆವಳಿ, ಹಸಿ ಅಕ್ಕಿಯನ್ನು ಎತ್ತಿ ಇದರಲ್ಲಿ ಹಾಕಿದ್ದಾರೆ. ಮುಚ್ಚಳ ಒತ್ತುವ ಬಲ ಕೈಯಲ್ಲಿ ಇರಲಿಲ್ಲವೇನೋ, ಸದ್ದಾಗಿಲ್ಲ. ನಾನು ಸೊನ್ನೆ ಬರೆದೆ. ಹೊತ್ತಿಗೆ ಒಂದು ಹಿಡಿಯೋ, ಎರಡೋ... ಹದಿನಾರೂ ತೀರಿದವೋ ಇಲ್ಲವೋ. ನುಸಿ ತಿಂದದ್ದನ್ನು ಹಿಡಿಯಲ್ಲಿ ಅಳೆಯಲು ಬರುವುದಿಲ್ಲ. ಅಳೆದು ನೋಡಿದೆ, ಬೆರಳ ಸಂದಿಯಿಂದ ಸೋರಿತು.

ಆಮೇಲೆ ಇನ್ನೊಂದು ಹೊಳೆಯಿತು. ಆಯಿ ಡಬ್ಬಿಯನ್ನು ನೆನಪಿಗೆಂದು ಕೊಟ್ಟದ್ದಲ್ಲ. ಮೂರು ದಿನ ಕಳೆದರೆ ಭಾನುವಾರವಿತ್ತು. ಡಬ್ಬಿ ಒಯ್ಯುವವಳು ನಾನು. ನೂರಾ ಮೂರು ಹಿಡಿ ಗೇಟಿನಿಂದ ತಿರುಗಿ ತಂದವಳ ಕೈಗೇ ಕೊನೆಯದನ್ನೂ ಕೊಡಿಸಿ, ಒಯ್ಯುತ್ತಾಳೆಂದು ನಂಬಿ ಹೋದರು. ಅದು ಏಳು ವರ್ಷ ನಮ್ಮ ಅಟ್ಟದ ಮೇಲೆ ಕೂತಿತ್ತು. ಆ ಎರಡು ಮಕ್ಕಳು ಈಗ ದೊಡ್ಡವರಾಗಿರಬೇಕು.

ಶಿಗ್ಗಾಂವಿಯಲ್ಲಿ ಆಯಿಯ ಮನೆಯ ಗೋಡೆಯನ್ನು ಹೊಸ ಮಾಲೀಕರು ಮಾಡಿನವರೆಗೆ ಎತ್ತರಿಸಿದ್ದಾರೆ. ಈಗ ಆಚೆಯ ಸದ್ದು ಕೇಳುವುದಿಲ್ಲ ಎಂದು ಅವ್ವ ಫೋನಿನಲ್ಲಿ ಹೇಳುತ್ತಿರುತ್ತಾಳೆ.

ಡಬ್ಬಿ ತೊಳೆದು ಬಿಸಿಲಿಗಿಟ್ಟಿದ್ದೇನೆ. ಬರುವ ಭಾನುವಾರ ಹಿರೇಕೆರೂರಿನಿಂದ ಶಿಗ್ಗಾಂವಿಗೆ ಹೊರಡುವ ಮೊದಲ ಬಸ್ಸಿನ ಸಮಯ ಬರೆದುಕೊಂಡೆ. ಅದರ ಕೆಳಗೆ, ಹೊಸ ಅಕ್ಕಿ, ಹಿಡಿ ಎಷ್ಟು, ಎಂದು ಬರೆದು ಪೆನ್ನು ಹಿಡಿದು ಕೂತಿದ್ದೇನೆ. ಆ ಸಂಖ್ಯೆ ಗೊತ್ತಿದ್ದವರು ಒಬ್ಬರೇ. ಅವರನ್ನು ಇನ್ನು ಕೇಳುವಂತಿಲ್ಲ. ಜಾಗ ಖಾಲಿ ಬಿಟ್ಟಿದ್ದೇನೆ.